ಕಣ್ಣಿಗೊತ್ತಿಕೊಳ್ಳದ ಕೂಲಿ

ಕೊಟ್ಟಿಗೆಹಾರ
೧೩ ಡಿಸೆಂಬರ್ ೧೯೩೮

ಚಿರಂಜೀವಿ ಲಿಂಗಪ್ಪನಿಗೆ,

ಅಕ್ಕ ಅಂಜನಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಬೇಸರಪಡಬೇಡ. ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು, ಹರಿದು ಒಲೆಗೆ ಹಾಕಿದೆ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನೀನೇ ನೇರ ಮಾಡಿಕೊಂಡು ಓದು.

ಇಲ್ಲಿ ಎಲ್ಲರೂ ಸೌಖ್ಯ. ಹಸು ಕರು ಹಾಕಿದೆ. ನಿನ್ನ ಭಾವ ಹೋಟ್ಲಿಗೆ ಹೊಸ ಬೆಂಚು ಮಾಡಿಸಿದ್ದಾರೆ. ಒಂದು ಕಾಲು ಗಿಡ್ಡ. ಕೂತವರು ಕಾಫಿ ಚೆಲ್ಲಿಕೊಂಡು ನಮ್ಮನ್ನು ಬೈಯುತ್ತಾರೆ.

ನಿನ್ನ ಕಾಗದವನ್ನು ಅವರಿಗೂ ಓದಿ ಹೇಳಿದೆ. ಚಿಕ್ಕಮಗಳೂರಿನಲ್ಲಿ ಯಾರದೋ ಉಪನ್ಯಾಸ ಕೇಳಿದೆಯಂತೆ. ಬೆಳಗ್ಗೆ ಎದ್ದ ಕೂಡಲೇ ಇದ್ದದ್ದಕ್ಕೆಲ್ಲ ಕೈಮುಗಿದರೆ ಮನಸ್ಸು ಹಗುರಾಗುತ್ತದಂತೆ, ದುಡ್ಡನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರೆ ಅದು ಮನೆ ಬಿಟ್ಟು ಹೋಗುವುದಿಲ್ಲವಂತೆ. ನಿನ್ನ ಭಾವ ನಕ್ಕು, “ನಿನ್ ತಮ್ಮ ತೋಟದ ರೈಟ್ರೋ, ಮಠದ ಸ್ವಾಮಿಗಳೋ ಮಾರಾಯ್ತಿ?” ಎಂದರು. ನಾನು ನಗಲಿಲ್ಲ. ಮಾತು ಒಳ್ಳೆಯದೇ. ಹಸಿ ಸೌದೆ ಹತ್ತಿಕೊಂಡ ದಿನ ನಾನು ಒಲೆಗೆ ಕೈಮುಗಿಯುತ್ತೇನೆ. ಬೋಣಿಯ ಕಾಸನ್ನು ಕಣ್ಣಿಗೊತ್ತದೆ ಗಲ್ಲಾಪೆಟ್ಟಿಗೆಗೆ ಹಾಕಿದವಳಲ್ಲ. ಹಾಗೆ ಮಾಡಿದಾಗ ಎದೆ ತಣ್ಣಗಾಗುವುದೂ ನಿಜ.

ಆದರೆ ಅದನ್ನು ನೀನು ಏನು ಮಾಡಿದೆ? ಬಟವಾಡೆಯ ದಿನ ಮೇಜಿನ ಹಿಂದೆ ಕೂತು, ಕೂಲಿ ತೆಗೆದುಕೊಂಡವರೆಲ್ಲ ಅದನ್ನು ಕಣ್ಣಿಗೊತ್ತಿಕೊಂಡು ‘ಧಣಿಗಳ ಉಪಕಾರ’ ಎನ್ನಲೇಬೇಕೆಂದು ಕಟ್ಟಳೆ ಮಾಡಿದೆ. ಮಂಜಿನಲ್ಲಿ ನಿಂತು, ಕೆಂಪಿರುವೆಯಿಂದ ಕಚ್ಚಿಸಿಕೊಂಡು ಕಾಫಿ ಹಣ್ಣು ಕುಯ್ದವರು ಅವರು. ಉಪಕಾರ ಮಾತ್ರ ಧಣಿಗಳದೇ? ಹೆದರಿಸಿ ವಸೂಲು ಮಾಡಲಿಕ್ಕೆ ಅದೇನು ಕಂದಾಯವೇ?

ಮರಿಯಮ್ಮ ಬಂದಿದ್ದಾಳೆ. ಸಂತೆಗೆ ಬಂದಾಗಲೆಲ್ಲ ನನ್ನನ್ನು ಮಾತನಾಡಿಸಿಕೊಂಡು ಹೋಗುವ, ನಿಮ್ಮ ತೋಟದಲ್ಲಿ ಹಣ್ಣು ಕುಯ್ಯುವ ಮರಿಯಮ್ಮ. ಹೋದ ವಾರ ಒಂದು ಸಂಜೆ ಮಗಳ ಕೈ ಹಿಡಿದು, ತಲೆಯ ಮೇಲೆ ಗಂಟು ಹೊತ್ತು ಬಂದು ನಿಂತಳು. ಎರಡೂ ಕಣ್ಣು ಕೆಂಡ. ಅತ್ತಿದ್ದಾಳೆ ಎಂದುಕೊಂಡೆ. ಅಳುವಲ್ಲ, ಕಣ್ಣುಬೇನೆ.

“ರೈಟ್ರು ನಾವಿದ್ದ ಲೈನ್ ಮನೆಯಿಂದ ಎಬ್ಬಿಸಿದ್ರು ಕಣಮ್ಮ. ದುಡ್ಡು ಕಣ್ಣಿಗೊತ್ಕೊ ಅಂದ್ರು, ನಾ ಒತ್ಕೊಳ್ಳಿಲ್ಲ. ಸೊಕ್ಕು ಬಂತಾ ಅಂದ್ರು.”

“ಒತ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?”

“ನಂದೇನ್ ಹೋಗ್ತದೆ? ಆ ಕಾಸು ಅವತ್ತೇ ರಜಬ್ ಅಲಿ ಸಾಹೇಬ್ರ ಅಂಗಡಿಗೆ ಹೋಗ್ತದೆ. ಅವ್ರ ಮನೇಲಿ ಹಸುಗೂಸದೆ. ನನ್ನ ಬೇನೆ ಆ ಕೂಸಿಗ್ಯಾಕೆ?”

“ಇದನ್ನ ಲಿಂಗಪ್ಪಂಗೆ ಹೇಳ್ಬಾರ್ದಿತ್ತಾ?”

“ಹೇಳಕ್ಕೆ ಬಿಟ್ರೆ ತಾನೆ? ತಲೆ ಎತ್ತಿ ನನ್ನ ಮುಖ ನೋಡಿದ್ರೂ ಗೊತ್ತಾಗ್ತಿತ್ತಲ್ಲ!”

ಕೇಳಿದೆಯೇನೋ? ನಿನಗೆ ಅವಳು ದುಡ್ಡನ್ನು ಕಣ್ಣಿಗೊತ್ತಿಕೊಳ್ಳುವುದು ಬೇಕಿತ್ತು, ಆ ಕಣ್ಣನ್ನು ನೋಡುವುದು ಬೇಕಿರಲಿಲ್ಲ. ತನ್ನ ಕೈಯಲ್ಲಿದ್ದ ಕಾಸು ಮುಂದೆ ಯಾರ ಕೈಗೆ ಹೋಗುತ್ತದೆಂದು ಅವಳು ಯೋಚಿಸಿದಳು. ಉಪನ್ಯಾಸ ಕೇಳಿ ಬಂದವನು ನೀನು.

ಅವಳ ಕಣ್ಣಿಗೆ ನಂದಿಬಟ್ಟಲು ಹೂವಿನ ನೀರು ಬಿಡುತ್ತಿದ್ದೇನೆ, ಉರಿ ಕಡಿಮೆಯಾಗಿದೆ. ಅವಳು ಇಲ್ಲೇ ಇದ್ದರೆ ನಮಗೆ ಭಾರವಲ್ಲ. ಆದರೆ ನೆರಳು ಮರ ಹತ್ತಿ ಕೊಂಬೆ ಸವರುತ್ತ ಮರಗಸಿ ಮಾಡುವಾಗ ಬಿದ್ದು ಸತ್ತ ಅವಳ ಗಂಡನನ್ನು ಮಣ್ಣು ಮಾಡಿದ್ದು ನಿಮ್ಮ ತೋಟದಲ್ಲೇ. “ಅವ್ರನ್ನ ಒಬ್ರನ್ನೇ ಬಿಟ್ಟು ನಾನೆಲ್ಲಿ ಇರ್ಲಿ?” ಎನ್ನುತ್ತಾಳೆ. ಬರುವ ಭಾನುವಾರ ನೀನೇ ಬಾ. ಆಳನ್ನು ಕಳಿಸಬೇಡ. ತಪ್ಪಾಯಿತು ಎಂದು ಹೇಳಿ ಅವಳನ್ನು ಕರೆದುಕೊಂಡು ಹೋಗು. ಬರದಿದ್ದರೆ ಬಟವಾಡೆಯ ದಿನ ನಾನೇ ಬಂದು ಆ ಸಾಲಿನಲ್ಲಿ ನಿಲ್ಲುತ್ತೇನೆ. ನನ್ನ ಬಾಯಿ ಎಂಥದೆಂದು ನಿನಗೆ ಗೊತ್ತು.

ಮಂಜಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಅಂಜನಮ್ಮ

ಇನ್ನೊಂದು ಮಾತು. ಬರೆಯಬಾರದು ಎಂದುಕೊಂಡಿದ್ದೆ. ಈ ಸಲ ಗೌರಿ ಹಬ್ಬಕ್ಕೆ ತವರಿನ ದುಡ್ಡು ತಂದಾಗ ನೀನು ಹೊಸ್ತಿಲು ದಾಟಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಮರಿಯಮ್ಮ ಕೂತು ರೊಟ್ಟಿ ತಿನ್ನುತ್ತಿದ್ದಳು. ‘ಮೋಟಾರಿಗೆ ಹೊತ್ತಾಯ್ತಕ್ಕ’ ಎಂದೆ. ಯಾವಾಗಲೂ ನನ್ನ ಕೈಹಿಡಿದು ಕೊಡುವವನು, ದುಡ್ಡನ್ನು ಜಗಲಿಯ ಮೇಲೆ ಇಟ್ಟು ಹೋದೆ. ನೀನು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದೆ. ಆಮೇಲೆ ಅದನ್ನು ತೆಗೆದು, ನನ್ನ ತಮ್ಮ ಕೊಟ್ಟಿದ್ದು ಎಂದು ಕಣ್ಣಿಗೊತ್ತಿಕೊಂಡೆ. ಒತ್ತಿಕೋ ಎಂದು ಯಾರೂ ಹೇಳಿರಲಿಲ್ಲ ಕಣೋ.