ಊಟದ ಮೇಜಿನ ಮೇಲಿನ ಕುಂಯ್ ಕುಂಯ್

ಡರ್ಬಿ
೧೨ ಅಕ್ಟೋಬರ್ ೨೦೦೩, ಭಾನುವಾರ

ಪ್ರೀತಿಯ ಆಶಿಷ್,

ಕಾಗದದಲ್ಲಾದರೂ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತೇನೆ. ಮಾವನವರ ಎದುರಿಗೆ "ರೀ, ರೀ" ಎಂದು ಕರೆದೂ ಕರೆದೂ ನಿಮಗೊಂದು ಹೆಸರಿದೆ ಎನ್ನುವುದೇ ಮರೆತುಹೋಗಿತ್ತು. ಹೇಗಿದ್ದೀರಿ? ಸ್ಕಾಟ್ಲೆಂಡಿನಾಚೆಯ ಶೆಟ್‌ಲ್ಯಾಂಡ್ ದ್ವೀಪದ ಗಾಳಿಗೆ ಮತ್ತೆ ಕೆಮ್ಮು ಶುರುವಾಗಿಲ್ಲ ತಾನೇ? ನಿಮ್ಮ ಕಂಪನಿಯ ಕೆಲಸದ ಕ್ಯಾಂಪಿನ ಊಟದಲ್ಲಿ ಆಲೂಗಡ್ಡೆ ಬಿಟ್ಟು ಇನ್ನೊಂದು ತರಕಾರಿಯ ದರ್ಶನವಾಯಿತೇ? ಶೇಂಗಾ ಚಟ್ನಿಪುಡಿಯನ್ನು ಗೆಳೆಯರಿಗೆಲ್ಲ ಹಂಚಿ ಮುಗಿಸಿರುತ್ತೀರಿ, ಅದು ನನಗೆ ಗೊತ್ತು. ಇನ್ನೊಂದು ಡಬ್ಬಿ ಮಾಡಿಟ್ಟಿದ್ದೇನೆ. ನಾನು ಚೆನ್ನಾಗಿದ್ದೇನೆ. ಮಿಡ್‌ವೈಫ್ ಬಂದು ನೋಡಿಕೊಂಡು ಹೋದಳು, ಎಲ್ಲ ಸರಿಯಾಗಿದೆಯಂತೆ. ಹೊಟ್ಟೆಯೊಳಗಿನವರು ಹಗಲೆಲ್ಲ ಸುಮ್ಮನಿದ್ದು ನಾನು ಬೆನ್ನು ಚಾಚಿದ ಕೂಡಲೇ ಎದ್ದು ಕವಾಯತು ಶುರುಮಾಡುತ್ತಾರೆ. ಆಫೀಸಿಗೆ ರಜೆ ಹಾಕಿ ಮನೆಯಲ್ಲಿ ಕೂತಿರುವುದರಿಂದ ಕಾಲಿನ ಊತ ಇಳಿದಿದೆ. ಮಾವನವರೂ ಆರೋಗ್ಯವಾಗಿದ್ದಾರೆ. ಬೆಳಿಗ್ಗೆ ಪಾರ್ಕಿಗೆ ಹೋಗಿ ಬಾತುಕೋಳಿಗಳನ್ನು ವಿಚಾರಿಸಿಕೊಂಡು ಬರುತ್ತಾರೆ.

ನೀವು ಫೋನಿನಲ್ಲಿ ಹೇಳಿದ ಟಿಕೆಟ್ಟಿನ ವಿಷಯ ಮರೆತಿಲ್ಲ. ಡರ್ಬಿ ಸ್ಟೇಷನ್ನಿನಲ್ಲಿ, ನಾನು ನಿಮಗೆ ನೀರಿನ ಬಾಟಲಿ ತರಲು ಹೋಗಿದ್ದಾಗ, "ಕೂಸು ಹುಟ್ಟೂತನಕಾ ಇಲ್ಲೇ ಇರ್ತೀರೇನ್ರೀ ಅಪ್ಪಾ?" ಎಂದು ನೀವು ಕೇಳಿದ್ದು, ಅದಕ್ಕೆ ಅವರು ರೈಲಿನ ಕಡೆ ನೋಡುತ್ತಾ "ಚಳಿ ಭಾಳ ಐತಿ, ಕೋಟು ಹಾಕ್ಕೊ" ಎಂದದ್ದು, ಅವರಿಗೆ ಇಲ್ಲಿರಲು ಮನಸ್ಸಿಲ್ಲವೆಂದು ನೀವು ತೀರ್ಮಾನಿಸಿದ್ದು, ಎಲ್ಲ ನೆನಪಿದೆ. ಈ ತಿಂಗಳ ಕೊನೆಯ ವಿಮಾನಕ್ಕೆ ಅವರನ್ನು ಹುಬ್ಬಳ್ಳಿಯ ಅಕ್ಕನ ಮನೆಗೆ ಕಳಿಸು ಎಂದಿರಿ. ಅವರು ಒಪ್ಪದೆ ಆದ ನಮ್ಮ ಮದುವೆಯ ಸಿಟ್ಟು ಅವರಿಗಿನ್ನೂ ಇಳಿದಿಲ್ಲ, ಒತ್ತಾಯಕ್ಕೆ ಇರುವುದು ಬೇಡ ಎಂದೂ ಅಂದಿರಿ. ನಿಮ್ಮ ದನಿ ಹಾಗೆ ಕುಗ್ಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಆ ದಿನ ನನಗೂ ಮಾವನವರ ಮೇಲೆ ಕೋಪ ಬಂತು, ಸುಳ್ಳು ಏಕೆ ಹೇಳಲಿ. ಆದರೆ ಟಿಕೆಟ್ಟಿಗಿಂತ ಮೊದಲು ನಮ್ಮ ಹಳೆಯ ಲ್ಯಾಪ್‌ಟಾಪಿನ ಕಥೆ ಹೇಳಬೇಕು, ಸಮಾಧಾನದಿಂದ ಓದಿ. ಈಮೇಲ್ ಮಾಡದೆ ಪೆನ್ನು ಹಿಡಿದದ್ದು ಅದು ಸದಾ ಮಾವನವರ ಕಣ್ಣೆದುರಿಗೇ ಇರುತ್ತದೆಂದು. ನಿಮ್ಮ ಕ್ಯಾಂಪಿನ ಫೋನಂತೂ ದೇವರಿಗೇ ಪ್ರೀತಿ. ಹಿಂದೆ ನಿಂತವರು ಕೆಮ್ಮಿದ ಕೂಡಲೇ ನೀವು ಇಟ್ಟುಬಿಡುತ್ತೀರಿ.

ನೀವು ಹೋದ ಮರುದಿನದಿಂದ ಅದು ಕುಂಯ್ ಎನ್ನಲು ಶುರುಮಾಡಿತು. ಸಣ್ಣ, ಚೂಪಾದ ಸದ್ದು. ಒಂದು ಸಲ ಕೂಗುತ್ತದೆ, ಸುಮ್ಮನಾಗುತ್ತದೆ, ನಿಂತಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಕುಂಯ್. ಮೊದಲು ಅದು ಎಲ್ಲಿಂದ ಬರುತ್ತಿದೆ ಎನ್ನುವುದೇ ತಿಳಿಯಲಿಲ್ಲ. ನನ್ನ ಒಗ್ಗರಣೆಗೆ ಸದಾ ಮುನಿಸಿಕೊಳ್ಳುವ ಹೊಗೆ ಅಲಾರಂ ಇರಬೇಕೆಂದು ಈ ಹೊಟ್ಟೆ ಹೊತ್ತುಕೊಂಡು ಅದರ ಕೆಳಗೆ ಕತ್ತೆತ್ತಿ ನಿಂತೆ. ಅದಲ್ಲ. ಫ್ರಿಜ್ ಅಲ್ಲ, ಮೈಕ್ರೋವೇವ್ ಅಲ್ಲ. ಕೊನೆಗೆ ನೋಡಿದರೆ ಊಟದ ಮೇಜಿನ ಮೇಲೆ ಮಾವನವರು ಕನ್ನಡ ಪೇಪರ್ ಓದುತ್ತಿದ್ದ ಲ್ಯಾಪ್‌ಟಾಪು. ನೀವು ಫಾಂಟ್ ಹಾಕಿಕೊಟ್ಟ ಮೇಲೆ ಅವರ ಬೆಳಗೆಲ್ಲ ಅದರ ಮುಂದೆಯೇ. ಮೊದಲು ನಿಧನವಾರ್ತೆ, ಆಮೇಲೆ ಡ್ಯಾಮಿನ ನೀರಿನ ಮಟ್ಟ, ಉಳಿದ ಲೋಕ ಅದರ ನಂತರ. ಬ್ಯಾಟರಿ ಖಾಲಿಯಾಗುತ್ತಿದೆ ಎಂದು ಪರದೆಯ ಮೂಲೆಯಲ್ಲಿ ಹಳದಿ ಚೀಟಿಯೂ ಬಂದಿತ್ತು. ವೈರು ಗೋಡೆಗೆ ಚುಚ್ಚಿಯೇ ಇದೆ, ಬ್ಯಾಟರಿ ಖಾಲಿಯಾಗುವುದು ಹೇಗೆ?

ನಾನೂ ಸಾಫ್ಟ್‌ವೇರಿನವಳೇ, ಬಿಡುತ್ತೇನೆಯೇ? ವಾಲ್ಯೂಮ್ ಪೂರ್ತಿ ಇಳಿಸಿದೆ. ಆ ಸದ್ದು ಹಾಡು ಬರುವ ಸ್ಪೀಕರಿನಿಂದ ಬರುವುದಲ್ಲವಂತೆ, ಅದು ತನ್ನ ಪಾಡಿಗೆ ಕೂಗಿತು. ಸೆಟ್ಟಿಂಗಿಗೆ ಹೋಗಿ ಅಲಾರಂ ಎಂದಿದ್ದಲ್ಲೆಲ್ಲ ಟಿಕ್ ತೆಗೆದೆ. ಆಗ ಕೂಗುವುದನ್ನು ಬಿಟ್ಟು, ಮಾವನವರು ಓದುತ್ತಿದ್ದ ಹಾಗೆಯೇ ಫಕ್ಕನೆ ಆರಿಹೋಯಿತು. ಇದಕ್ಕಿಂತ ಕೂಗುವುದೇ ವಾಸಿ ಎಂದು ಟಿಕ್ ಮತ್ತೆ ಹಾಕಿದೆ. ಬ್ಯಾಟರಿ ಬಿಚ್ಚಿ ಅದರ ಹಿತ್ತಾಳೆ ಹಲ್ಲುಗಳನ್ನು ನಿಮ್ಮ ಹಳೇ ಬನಿಯನ್ನಿನಿಂದ ಒರೆಸಿ ಕೂರಿಸಿದೆ. ಪ್ಲಗ್ಗಿನೊಳಗಿನ ಫ್ಯೂಸ್ ಬದಲಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಅಷ್ಟೂ ದಿನ ಮಾವನವರಿಗೆ "ಏನು ಸದ್ದು ಮಾವಾ ಇದು, ತಲೆ ಚಿಟ್ಟು ಹಿಡಿಯುತ್ತೆ" ಎಂದರೆ ಅವರು ಕನ್ನಡಕದ ಮೇಲಿಂದ ನೋಡಿ, "ಎಲ್ಲಿ ಸಪ್ಪಳಾ? ಮನಿ ತಣ್ಣಗ ಐತಲ್ಲವಾ" ಎನ್ನುತ್ತಿದ್ದರು. ನನ್ನನ್ನು ರೇಗಿಸುತ್ತಿದ್ದಾರೆಂದು ತಿಳಿದು ಒಳಗೊಳಗೇ ಉರಿದೆ.

ಶುಕ್ರವಾರ ನಿಮ್ಮ ಗೆಳೆಯ ಇಂದುಶೇಖರ ಸ್ಕ್ರೂಡ್ರೈವರಿನ ಪೆಟ್ಟಿಗೆ ಹಿಡಿದು ಬಂದರು. ಎರಡು ತಟ್ಟೆ ಒಗ್ಗರಣೆ ಅವಲಕ್ಕಿ ತಿಂದು, ಬ್ಯಾಟರಿ ಸತ್ತಿದೆ, ಹೊಸದು ತರಿಸಿ ಎಂದು ತೀರ್ಪು ಕೊಟ್ಟು ಶೂ ಹಾಕಿಕೊಳ್ಳುತ್ತಿದ್ದರು. ಲೇಸು ಕಟ್ಟಲು ಬಗ್ಗಿದವರು ಮೇಜಿನ ಕೆಳಗೆ ನೋಡಿ, "ಅಡಾಪ್ಟರಿನ ಹಸಿರು ದೀಪ ಉರೀತಾನೇ ಇಲ್ವಲ್ರೀ" ಎಂದರು. ಗೋಡೆಯ ಸ್ವಿಚ್ ಆರಿಸಿತ್ತು! ಹಾಕಿದೆವು, ಸದ್ದು ನಿಂತಿತು. ಇಬ್ಬರು ಸಾಫ್ಟ್‌ವೇರಿನವರು ಸೇರಿ ಕಂಡುಹಿಡಿದದ್ದು ಇಷ್ಟು. ನಗಬೇಡಿ, ನೀವಿದ್ದರೆ ವಿಂಡೋಸ್ ಅಳಿಸಿ ಮತ್ತೆ ಹಾಕುತ್ತಿದ್ದಿರಿ. ನಿನ್ನೆ ಬೆಳಿಗ್ಗೆ ಮತ್ತೆ ಕುಂಯ್ ಎಂದಿತು. ಸ್ವಿಚ್ ಮತ್ತೆ ಆರಿಸಿತ್ತು. ಆರಿಸುವವರು ಯಾರು ಎನ್ನುವುದಕ್ಕೆ ಪತ್ತೇದಾರರು ಬೇಕಿರಲಿಲ್ಲ. ಜೀವಮಾನವೆಲ್ಲ ಪವರ್ ಹೌಸಿನಲ್ಲಿ ದುಡಿದ ಮಾವನವರು ರಾತ್ರಿ ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸಿಕೊಂಡು ಬರುತ್ತಾರೆ. ಬೆಳಿಗ್ಗೆ ನಾವು ಬೇರೆಯವನ್ನು ಹಾಕುತ್ತೇವೆ, ಮೇಜಿನ ಕೆಳಗಿನದನ್ನು ನೀವಿದ್ದಾಗ ನೀವೇ ಹಾಕುತ್ತಿದ್ದಿರೇನೋ, ಈಗ ಸಂಜೆ ಮೇಜಿನ ದೀಪಕ್ಕೆಂದು ಮಾವನವರು ಹಾಕುವ ತನಕ ಅದು ಯಾರಿಗೂ ಕಾಣುವುದಿಲ್ಲ. ಲ್ಯಾಪ್‌ಟಾಪು ಹೇಗೂ ಹೊತ್ತಿಕೊಳ್ಳುತ್ತದಲ್ಲ, ಅವರಿಗೂ ಅನುಮಾನ ಬಂದಿಲ್ಲ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನಿನ್ನೆ ಸ್ವಿಚ್ ಹಾಕುವ ಮೊದಲು ನಾನು ಕಾಫಿ ಲೋಟ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಕುಂಯ್ ಎಂದಿತು. ಮಾವನವರು ಓದುತ್ತಲೇ ಇದ್ದರು. ಮತ್ತೆ ಕುಂಯ್. ಅವರ ಮುಖ ಲ್ಯಾಪ್‌ಟಾಪಿನಿಂದ ಒಂದು ಗೇಣು ದೂರವಿತ್ತು, ಹುಬ್ಬು ಕೂಡ ಅಲ್ಲಾಡಲಿಲ್ಲ. ಬೆನ್ನ ಹಿಂದಿನಿಂದ "ಮಾವಾ, ಕಾಫಿ" ಎಂದೆ. ತಿರುಗಲಿಲ್ಲ. ಎದುರಿಗೆ ಹೋಗಿ ನಿಂತು ಅಷ್ಟೇ ದನಿಯಲ್ಲಿ ಅದನ್ನೇ ಹೇಳಿದೆ. "ಕೊಡವಾ" ಎಂದು ನಕ್ಕು ಕೈ ಚಾಚಿದರು. ಆಶಿಷ್, ಅವರು ನನ್ನ ತುಟಿ ನೋಡುತ್ತಿದ್ದರು.

ಆಮೇಲೆ ಒಂದೊಂದೇ ನೆನಪಾಯಿತು. ಬಾಗಿಲ ಬೆಲ್ ಆದರೆ ಏಳುವುದಿಲ್ಲ, ಬಿಳಿಯರ ಜೊತೆ ಮಾತಾಡಲು ಸಂಕೋಚ ಎಂದುಕೊಂಡಿದ್ದೆವು. ಫೋನಿನಲ್ಲಿ ನೀವು ಏನು ಕೇಳಿದರೂ "ಹೂಂ, ಹೂಂ, ಆರಾಮ ಇರು" ಎಂದು ನನ್ನ ಕೈಗೆ ಕೊಡುತ್ತಾರೆ, ಅದನ್ನು ಸಿಟ್ಟು ಎಂದಿರಿ. ಟೀವಿಯನ್ನು ಅಷ್ಟು ಜೋರಾಗಿ ಇಡುವುದನ್ನು ಹಟ ಎಂದೆ ನಾನು. ನಮ್ಮ ಪರಿಚಯದ ಪ್ರಭಾವತಿ ಡಾಕ್ಟರಿಗೆ ಫೋನ್ ಮಾಡಿದೆ. ವಯಸ್ಸಾದಂತೆ ಸಣ್ಣ ಚೂಪು ಸದ್ದುಗಳೇ ಮೊದಲು ಕೇಳಿಸದಾಗುತ್ತವಂತೆ. ಟರ್ಬೈನಿನ ಗದ್ದಲದಲ್ಲಿ ವರ್ಷಗಟ್ಟಲೆ ನಿಂತವರಿಗೆ ಇನ್ನೂ ಬೇಗ. ಸುತ್ತ ಗಲಾಟೆಯಿದ್ದರೆ ಹತ್ತಿರದ ಮಾತೂ ಕಲಸಿಹೋಗುತ್ತದೆ, ಎದುರಿಗೆ ಮುಖ ಕಂಡರೆ ಸಾವರಿಸಿಕೊಳ್ಳುತ್ತಾರೆ ಎಂದರು. ತಾವೇ ಒಮ್ಮೆ ಬಂದು ಕಿವಿ ನೋಡುತ್ತಾರಂತೆ. ಈಗ ಡರ್ಬಿ ಸ್ಟೇಷನ್ನಿನ ಪ್ಲಾಟ್‌ಫಾರ್ಮನ್ನು ನೆನಪಿಸಿಕೊಳ್ಳಿ. ರೈಲು ಬಂದು ನಿಂತಿತ್ತು, ಮೇಲೆ ಅನೌನ್ಸ್‌ಮೆಂಟ್ ಕಿರುಚುತ್ತಿತ್ತು. ನೀವು ಅಪ್ಪನ ಮುಖ ನೋಡಿ ಏನನ್ನೂ ಕೇಳಿದವರಲ್ಲ. ಸೂಟ್‌ಕೇಸಿನ ಹಿಡಿಕೆಯನ್ನೇ ನೋಡಿಕೊಂಡು ಮೆಲ್ಲಗೆ ಕೇಳಿರುತ್ತೀರಿ. ನಿಮ್ಮ ಮನೆಯಲ್ಲಿ ಅಪ್ಪನನ್ನು ಒಂದು ಮಾತು ಎರಡು ಸಲ ಕೇಳುವ ಪದ್ಧತಿಯಿಲ್ಲ, ಕೇಳಿದರೆ ಎದುರಾಡಿದಂತೆ. ನಮ್ಮ ಮೈಸೂರಿನ ಮನೆಯಲ್ಲಿ ಹತ್ತು ಸಲ ಕೇಳದಿದ್ದರೆ ಉಪ್ಪೂ ಕೈಗೆ ಬರುವುದಿಲ್ಲ.

ಇದು ನನ್ನ ಊಹೆ ಮಾತ್ರ, ಖಚಿತವಾಗಿ ಗೊತ್ತಿಲ್ಲ. ಆದ್ದರಿಂದ ಟ್ರಾವೆಲ್ಸಿನವರಿಗೆ ಇನ್ನೂ ಫೋನ್ ಮಾಡಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮೈ ಬೆಚ್ಚಗಿಟ್ಟುಕೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಾವನವರ ಆಶೀರ್ವಾದಗಳು, ಒಳಗಿನವರ ಒದೆತಗಳು, ನನ್ನ ಎಲ್ಲ ಪ್ರೀತಿ.

ನಿಮ್ಮ
ಹಂಸಾ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ. ತಿಂಡಿಯ ಹೊತ್ತಿಗೆ ಮಾವನವರ ಎದುರಿಗೆ ಕೂತು, ಸ್ಟೇಷನ್ನಿನಲ್ಲಿ ನಿಮ್ಮ ಮಗ ಏನೆಂದರು ಎಂದು ಗಟ್ಟಿಯಾಗಿ ಕೇಳಿಬಿಟ್ಟೆ. ಕಾಫಿಯ ಬಸಿಯನ್ನು ಕೆಳಗಿಟ್ಟರು. ಆಮೇಲೆ, "ಏನೋ ಅಂದ ನೋಡವಾ, ಗಾಡಿ ಸಪ್ಪಳದಾಗ ಒಂದೂ ತಿಳೀಲಿಲ್ಲ. ಅವನ ಮಾರಿ ನೋಡಿದ್ರ ದೊಡ್ಡ ಮಾತ ಇತ್ತು ಅನಸ್ತು. ಇನ್ನೊಮ್ಮಿ ಹೇಳಪಾ ಅನ್ನಬೇಕಂದೆ. ಮಗನ ಮುಂದ ಕಿವುಡ ಅನಿಸ್ಕೊಳ್ಳೂದು ಬ್ಯಾಡಾತು, ಕೋಟು ಹಾಕ್ಕೊ ಅಂದೆ" ಎಂದರು. ಎದ್ದು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. "ಅವತ್ತಿಂದ ಅವ ನನ್ನ ಜೋಡಿ ಸರಿಯಾಗಿ ಮಾತಾಡವಲ್ಲ. ನಾ ಇಲ್ಲಿ ಇರೂದು ಅವಗ ಭಾರ ಆಗೇತೇನು, ಖರೇ ಹೇಳವಾ" ಎಂದು ಕೇಳಿದರು. ಆಶಿಷ್, ಅವರ ಕಣ್ಣಲ್ಲಿ ನೀರಿತ್ತು. ನೀವು ಕೇಳಿದ್ದೇನು ಎಂದು ನಾನು ಹೇಳಿಲ್ಲ, ಅದು ನನ್ನ ಬಾಯಿಂದ ಬರಬೇಕಾದ ಮಾತಲ್ಲ. ಟಿಕೆಟ್ ಮಾಡಿಸುವುದಿಲ್ಲ. ಶನಿವಾರ ರಜೆ ಹಾಕಿ ಬನ್ನಿ, ಎದುರಿಗೆ ಕೂತು ಅವರ ಮುಖ ನೋಡಿಕೊಂಡು ಇನ್ನೊಂದು ಸಲ ಕೇಳಿ.