ಅರ್ಧ ತಾಸು ಮುಂದಿನ ಗಡಿಯಾರ

ಸಡಾ, ಗೋವಾ
೧೨-೭-೨೦೦೪, ಬೆಳಿಗ್ಗೆ ಹತ್ತೂಕಾಲು

ಚಿ. ಸೌ. ಮೀನಾಗೆ ನಿನ್ನ ಅತ್ತೆ ಯಲ್ಲವ್ವನ ಆಶೀರ್ವಾದ.

ಹೆರಿಗೆಗೆ ಹೋದವಳು ತವರಿನ ತುಪ್ಪ ತಿಂದು ಸುಮ್ಮನಿರು. ನೀಲಾ ಶಾಲೆಗೆ ಹೋಗುತ್ತಿಲ್ಲ ಎಂದು ನಿನ್ನ ಗಂಡ ಯಮನೂರ ಫೋನಿನಲ್ಲಿ ಹೇಳಿದನಂತೆ, ನೀನು ಕಣ್ಣೀರು ಹಾಕಿದೆಯಂತೆ. ಈಗ ಕುಣಿಯುತ್ತ ಹೋಗುತ್ತಾಳೆ. ಆದರೆ ತಪ್ಪು ನಿನ್ನದೇ, ಅದನ್ನೂ ಕೇಳು.

ಯಮನೂರ ಬಂದರಿನ ಕೆಲಸಕ್ಕೆ ತಡ ಮಾಡಬಾರದೆಂದು ನೀನು ಗೋಡೆ ಗಡಿಯಾರವನ್ನು ಅರ್ಧ ತಾಸು ಮುಂದಿಟ್ಟು ಹೋದೆ. ಅವನೇನು ಮೋಸ ಹೋಗುವ ಗಂಡೇ? ಮಲಗಿದಲ್ಲಿಂದಲೇ ಮುಳ್ಳು ನೋಡಿ, ಅರ್ಧ ತಾಸು ಕಳೆದು, ಮತ್ತೆ ಮುಸುಕು ಎಳೆಯುತ್ತಾನೆ. ನೀಲಾ ವೇಳೆ ನೋಡಲು ಕಲಿತದ್ದು ಈ ಮಹಾಗುರುವಿನಿಂದ. ಲೋಕದ ಎಲ್ಲ ಗಡಿಯಾರಕ್ಕೂ ಅರ್ಧ ತಾಸು ಕಳೆಯಬೇಕು ಎಂದುಕೊಂಡಿದ್ದಾಳೆ ಪಾಪ!

ಶಾಲೆಯಲ್ಲಿ ಪಾಠ ಹೇಳುವ ಬಾಯಾರು ಹತ್ತು ಗಂಟೆ ತೋರಿಸಿ ಕೇಳಿದರೆ, "ಒಂಬತ್ತೂವರಿ ರೀ" ಎಂದಳಂತೆ. ಹುಡುಗರೆಲ್ಲ ನಕ್ಕರು. ಮರುದಿನ ಪಾಟೀಚೀಲ ಮೂಲೆಗೆ ಒಗೆದು, "ನಾ ಸಾಲಿಗೆ ಒಲ್ಲೆಬೇ ಆಯಿ, ನಾ ದಡ್ಡಿ" ಎಂದು ಅತ್ತಳು. ಬೆಲ್ಲ ಕೊಟ್ಟೆ, ಬೈದೆ, ಜಗ್ಗಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಗಡಿಯಾರವನ್ನು ಮೊಳೆಯಿಂದ ಇಳಿಸಿ ಸೆರಗಿನಲ್ಲಿ ಸುತ್ತಿದೆ. ಕಂಕುಳಲ್ಲಿ ಅದು, ಕೈಯಲ್ಲಿ ಇವಳು, ಮೇಲೆ ಮಳೆ. ನೆಟ್ಟಗೆ ತರಗತಿಗೆ ನುಗ್ಗಿ ಮೇಜಿನ ಮೇಲೆ ಇಟ್ಟೆ. "ಬಾಯಾರ, ನನ್ನ ಮೊಮ್ಮಗಳು ದಡ್ಡಿ ಅಲ್ರಿ. ಖೋಟಾ ಇರೋದು ಈ ಗಡಿಯಾರ, ನೋಡ್ರಿ!" ಎಂದೆ.

ಬಾಯಾರು ಗೋಡೆಯ ಮೇಲಿನದನ್ನು ನೋಡಿದರು, ನಮ್ಮದನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ಯಾರ್ಯಾರ ಮನ್ಯಾಗ ಗಡಿಯಾರ ಮುಂದ ಐತಿ? ಕೈ ಎತ್ರಿ" ಎಂದರು. ಅವ್ವಾ, ಎಷ್ಟು ಕೈ! ನೀಲಾಳಿಗೆ ನಕ್ಕವರದೇ ಮೊದಲು. ಪಕ್ಕದ ಮನೆಯ ಬಾನು ಎದ್ದು, "ನಮ್ಮದು ನಿಂತಬಿಟ್ಟೈತ್ರಿ, ಎಷ್ಟ ಕಳೀಬೇಕ್ರಿ?" ಎಂದಳು. ಬಾಯಾರು ಅಂದಿನ ಪಾಠ ಬಿಟ್ಟು ಇದನ್ನೇ ಪಾಠ ಮಾಡಿದರು. ನೀಲಾಳ ಕೈಯಿಂದಲೇ ನಮ್ಮ ಗಡಿಯಾರದ ಬೆನ್ನಿನ ತಿರುಪು ತಿರುಗಿಸಿ ವೇಳೆ ಸರಿಮಾಡಿಸಿದರು. ಆಮೇಲೆ ಎಲ್ಲರೂ ಸರದಿಯ ಮೇಲೆ ಮುಳ್ಳು ತಿರುಗಿಸಿದ್ದೇ ತಿರುಗಿಸಿದ್ದು. ನನ್ನನ್ನೂ ಹಿಂದಿನ ಬಾಕಿನ ಮೇಲೆ ಕೂರಿಸಿದರು. ಮಗು ಹೆದರಬಾರದೆಂದು ಕೂತೆ. ಮರುದಿನವೂ ಕೂತೆ, ಅದರ ಮರುದಿನವೂ.

ಈಗ ಕಳೆಯಲು ಅರ್ಧ ತಾಸು ಇಲ್ಲ, ಯಮನೂರ ಒದ್ದಾಡುತ್ತಿದ್ದಾನೆ. ಅವನ ತಲೆದಿಂಬಿನ ಹತ್ತಿರ ತಣ್ಣೀರಿನ ಚೊಂಬು ಇಟ್ಟಿದ್ದೇನೆ. ಚೊಂಬು ಮುಂದೆಯೂ ಓಡುವುದಿಲ್ಲ, ಹಿಂದೆಯೂ ಬೀಳುವುದಿಲ್ಲ.

ಹೊಟ್ಟೆಯಲ್ಲಿರುವುದಕ್ಕೆ ಅವಸರ ಮಾಡಬೇಡ ಎನ್ನು.

ನಿನ್ನ ಬಾಯಿಬಡುಕಿ ಅತ್ತೆ,
ಯಲ್ಲವ್ವ

ತಾ.ಕ.: ಕಾಗದದ ತಲೆಯ ಮೇಲಿನ ವೇಳೆ ನೋಡಿದೆಯಾ? ನೀಲಾ ಶಾಲೆಯಲ್ಲಿ, ಯಮನೂರ ಬಂದರಿನಲ್ಲಿ. ನಾನೇ ನೋಡಿ ಬರೆದೆ. "ಕನ್ನಡಕ ಸಿಗವಲ್ದು, ಎಷ್ಟಾತು ನೋಡ" ಎಂದು ಇಷ್ಟು ವರ್ಷ ನಿನ್ನನ್ನು ಕೇಳುತ್ತಿದ್ದೆನಲ್ಲ, ಕನ್ನಡಕ ಪ್ರತಿ ಸಲ ನನ್ನ ಸೊಂಟದಲ್ಲೇ ಇರುತ್ತಿತ್ತು. ಯಾರ ಮುಂದೂ ಆಡಬೇಡ.