ಆಂಟೆನಾ ಇಳಿಸಿದವನಿಗೆ

ಮನೆ, ಊಟದ ಮೇಜು
ಮಂಗಳವಾರ, ತಾರೀಕು ಹದಿನಾಲ್ಕು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ತಲೆಸುತ್ತು ಮತ್ತೆ ಬಂದಿತ್ತಾ? ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೀಯೋ, ಇಲ್ಲ ಹಳೇ ಚಾಳಿಯಂತೆ ಜೇಬಿನಲ್ಲಿಟ್ಟು ಅಂಗಿಯ ಜೊತೆಗೆ ಅದನ್ನೂ ಒಗೆದು ಒಣಗಿಸುತ್ತಿದ್ದೀಯೋ? ಬೈಂಡಿಂಗ್ ಅಂಗಡಿಯ ಯಜಮಾನರು ಒಳ್ಳೆಯವರು, ಹೇಳುವುದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸುತ್ತಾರೆ ಎಂದು ತಿಳಿಸಿದ್ದೆಯಲ್ಲ, ಅದನ್ನು ಓದಿ ನಿನ್ನ ಭಾವನಿಗೂ ಸಮಾಧಾನವಾಯಿತು. ಗೋಂದು ಮುಟ್ಟಿದ ಕೈಯಲ್ಲೇ ಊಟಕ್ಕೆ ಕೂರಬೇಡ. ನಿನ್ನ ಸೊಸೆ ಈಗ ನನ್ನ ಭುಜದೆತ್ತರಕ್ಕೆ ಬಂದಿದ್ದಾಳೆ, ಮಾತಿನಲ್ಲಂತೂ ತಲೆ ಮೇಲೆ ಹೋಗಿದ್ದಾಳೆ. ಮಾವ ಯಾವಾಗ ಬರ್ತಾನೆ ಎಂದು ದಿನಕ್ಕೊಂದು ಸಲವಾದರೂ ಕೇಳುತ್ತಾಳೆ.

ಇದನ್ನೆಲ್ಲ ಫೋನಿನಲ್ಲೇ ಬರೆದು ಕಳಿಸಬಹುದಿತ್ತು. ಆದರೆ ನಾನು ಅಷ್ಟುದ್ದ ಬರೆದರೆ ನೀನು ಒಂದು ಹೆಬ್ಬೆರಳು ಎತ್ತಿ ತೋರಿಸಿ ಕೆಲಸ ಮುಗಿಸುತ್ತೀಯ. ಈ ವಿಷಯಕ್ಕೆ ಹೆಬ್ಬೆರಳು ಸಾಲದು. ಕುಳಿತುಕೊಂಡು ಓದು. ವಿಷಯ ಇಷ್ಟೇ: ಕಳೆದ ಭಾನುವಾರ ಮಧ್ಯಾಹ್ನ ನೀನು ಸತ್ತುಹೋದೆ. ನಾನು ಅಲ್ಲೇ ಇದ್ದೆ, ತಡೆಯಲಿಲ್ಲ.

ಗಾಬರಿಯಾಗಬೇಡ, ಮೊದಲಿಂದ ಹೇಳುತ್ತೇನೆ. ನೀನು ಹೇಳಿದ ಹಾಗೆ ನಿನ್ನ ರೇಡಿಯೋ ಸೆಟ್ಟು, ಚುಕ್ಕಿ-ಗೆರೆ ಕುಟ್ಟುವ ಮೋರ್ಸ್ ಕೀ, ಹೆಡ್‌ಫೋನು ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು ಹವ್ಯಾಸಿ ರೇಡಿಯೋದವರ, ಅದೇ ನಿಮ್ಮ ಹ್ಯಾಮ್‌ಗಳ, ವಲಯ ಸಮ್ಮೇಳನಕ್ಕೆ ಹೋದೆ. ಬಳಸುವವರು ಯಾರಾದರೂ ಸಿಕ್ಕರೆ ಸುಮ್ಮನೆ ಕೊಟ್ಟುಬಿಡು ಎಂದಿದ್ದೆಯಲ್ಲ. ಶಾಲೆಯೊಂದರ ದೊಡ್ಡ ಹಾಲು. ಬೆಂಚುಗಳ ಮೇಲೆಲ್ಲ ಹಳೆಯ ಸೆಟ್ಟುಗಳು, ತಂತಿಯ ಸುರುಳಿಗಳು, ಎಲ್ಲಿಂದ ಕಳಚಿದ್ದೋ ಯಾವುದಕ್ಕೆ ಜೋಡಿಸಬೇಕೋ ತಿಳಿಯದ ತಿರುಪುಗಳ ಡಬ್ಬಿಗಳು. ಗಂಡಸರು ಅವುಗಳ ಮುಂದೆ ನಿಂತು, ಚಿನ್ನದಂಗಡಿಯಲ್ಲಿ ನಾವು ನಿಂತ ಹಾಗೆ, ಎತ್ತುವುದು ನೋಡುವುದು ಇಡುವುದು ಮಾಡುತ್ತಿದ್ದರು. ಒಬ್ಬರಿಗೂ ಹೆಸರಿಲ್ಲ, ರೇಡಿಯೋದಲ್ಲಿ ಹೆಸರಿನ ಬದಲು ಕರೆಯುವ ಅಕ್ಷರಗಳೇ, ಎಲ್ಲರ ಎದೆಯ ಮೇಲೂ ಕಾಲ್ ಸೈನಿನ ಚೀಟಿ. ಅಂಗಳದಲ್ಲಿ ನರಿ ಬೇಟೆ ನಡೆದಿತ್ತು. ನರಿ ಎಂದು ಯಾರೋ ಪುಟ್ಟ ಟ್ರಾನ್ಸ್‌ಮಿಟರ್ ಬಚ್ಚಿಟ್ಟಿದ್ದರು. ಬೋಳುತಲೆಯ ಹಿರಿಯರೆಲ್ಲ ಮೀನಿನ ಮುಳ್ಳಿನಂಥ ಆಂಟೆನಾಗಳನ್ನು ಹಿಡಿದು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಅದನ್ನು ಹುಡುಕುತ್ತ ಗಿಡಗಂಟಿಗೆ ಡಿಕ್ಕಿ ಹೊಡೆಯುತ್ತಿದ್ದರು. ಕೊನೆಗೆ ಸಿಕ್ಕಿದ್ದು ಎಲ್ಲಿ ಅಂತೀಯ? ಅಧ್ಯಕ್ಷರು ಕೂತಿದ್ದ ಕುರ್ಚಿಯ ಅಡಿಯಲ್ಲಿ! ಅಪ್ಪ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನನಗೂ ನಗು ಬಂತು. ನಿನ್ನ ಜೊತೆಗೇ ಮೋರ್ಸ್ ಕಲಿತು ಲೈಸೆನ್ಸ್ ಪಡೆದೂ ನಾನು ಬರೀ ಹೊಲಿಗೆ ಯಂತ್ರದ ಸದ್ದು ಕೇಳುತ್ತ ಕೂತೆನಲ್ಲ ಎಂದು ಸ್ವಲ್ಪ ಹೊಟ್ಟೆಯೂ ಉರಿಯಿತು.

ನಿನ್ನ ಎಚ್ಚರಿಕೆ ನೆನಪಿತ್ತು. "ನನ್ನ ಕಿವಿ ಹೋದ ವಿಷಯ ಯಾರ ಹತ್ರಾನೂ ಬಾಯಿ ಬಿಡಬೇಡಕ್ಕ, ಅವನಿಗೆ ಪುರುಸೊತ್ತಿಲ್ಲ ಅಂತ ಹೇಳು ಸಾಕು" ಎಂದಿದ್ದೆ ನೀನು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದನ್ನೇ ಗಟ್ಟಿಮಾಡಿಕೊಂಡು ಹೋಗಿದ್ದೆ. ಪುರುಸೊತ್ತಿಲ್ಲ, ಪುರುಸೊತ್ತಿಲ್ಲ. ಯಾರೂ ಕೇಳಲೇ ಇಲ್ಲ. ನಿನ್ನ ಹೆಸರು ಹೇಳಿ ಪರಿಚಯ ಮಾಡಿಕೊಂಡ ಕೂಡಲೇ ಜನ ನನ್ನ ಮುಖವನ್ನೂ ತೊಡೆಯ ಮೇಲಿನ ಪೆಟ್ಟಿಗೆಯನ್ನೂ ನೋಡಿ ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು. ಒಬ್ಬರು ನೀರು ತಂದುಕೊಟ್ಟರು. ಒಬ್ಬರು ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ಹೆಂಗಸರು ಕಡಿಮೆ, ಅದಕ್ಕೇ ಇಷ್ಟು ಮರ್ಯಾದೆ ಎಂದುಕೊಂಡು ಬೀಗುತ್ತ ಕೂತೆ, ಮಂಕು ನಾನು.

ಊಟಕ್ಕೆ ಮೊದಲು ಅಧ್ಯಕ್ಷರು ಎದ್ದು ನಿಂತರು. ನಮ್ಮವರ ಪದ್ಧತಿ ನಿನಗೆ ಗೊತ್ತೇ ಇದೆ. ನಮ್ಮಲ್ಲಿ ಯಾರೂ ಸಾಯುವುದಿಲ್ಲ, ಅವರ ಕೀ ಮೌನವಾಗುತ್ತದೆ ಅಷ್ಟೆ. ಆ ವರ್ಷ ಮೌನವಾದವರ ಕಾಲ್ ಸೈನ್ ಓದುತ್ತಾರೆ, ಎಲ್ಲರೂ ಎದ್ದು ನಿಲ್ಲುತ್ತಾರೆ. ನಾನೂ ನಿಂತೆ. ಮೊದಲು ಯಾರೋ ಹಿರಿಯರದು. ಆಮೇಲೆ ನಿನ್ನದು. ನನಗೆ ತಕ್ಷಣ ಹೊಳೆಯಲಿಲ್ಲ, ಅಕ್ಷರಗಳು ಎಲ್ಲೋ ಕೇಳಿದಂತಿವೆಯಲ್ಲ ಎಂದುಕೊಂಡೆ. ಹೊಳೆದಾಗ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡೆ.

ಹೇಗಾಯಿತು ಅಂತೀಯ? ನೀನೇ ಮಾಡಿಕೊಂಡದ್ದು. ಜ್ವರ ಬಂದು ಕಿವಿ ಹೋದ ಮೇಲೆ ಯಾರಿಗೂ ಒಂದು ಮಾತು ಹೇಳದೆ ಮನೆ ಬದಲಿಸಿದೆ. ಕ್ಲಬ್ಬಿನಿಂದ ಬಂದ ಕಾಗದಗಳು ವಿಳಾಸದಾರರಿಲ್ಲ ಎಂದು ಹಿಂದಕ್ಕೆ ಹೋದವು. ಆದರೂ ಅವರು ನಂಬಿರಲಿಲ್ಲವಂತೆ. ಕೊನೆಗೆ ಅವರಲ್ಲೇ ಒಬ್ಬ ಲೈನ್‌ಮನ್ ಏನೋ ಕೆಲಸದ ಮೇಲೆ ನಿನ್ನ ಹಳೇ ಬೀದಿಯಲ್ಲಿ ಹಾದುಹೋಗುತ್ತ ಕತ್ತೆತ್ತಿ ನೋಡಿದರೆ ಮಹಡಿಯ ಮೇಲೆ ಆಂಟೆನಾ ಇಲ್ಲ, ಕಂಬವೂ ಇಲ್ಲ, ಬಾಗಿಲಿಗೆ ಬೀಗ. ಅಷ್ಟು ಸಾಕಾಯಿತು ಅವರಿಗೆ. ಸೂರು ಸೋರಲಿ, ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಲಿ, ಜೀವ ಇರುವ ಹ್ಯಾಮ್ ತನ್ನ ಆಂಟೆನಾ ಇಳಿಸುವುದಿಲ್ಲ. ಇಳಿದಿದೆ ಎಂದರೆ ಮನೆಯವರು ಇಳಿಸಿದ್ದಾರೆ. ಇದು ಅವರ ಲೆಕ್ಕಾಚಾರ. ಅನುಮಾನ ಉಳಿದಿದ್ದವರಿಗೂ ಭಾನುವಾರ ಪರಿಹಾರವಾಯಿತು: ಒಡಹುಟ್ಟಿದ ಅಕ್ಕನೇ ಅವನ ಸೆಟ್ಟನ್ನು ಪೆಟ್ಟಿಗೆಗೆ ತುಂಬಿಕೊಂಡು, ಯಾರಿಗಾದರೂ ಕೊಡಬೇಕು ಅಂತ ಬಂದು ಕೂತಿದ್ದಾಳೆ!

ಆಗಲೇ ಹೇಳಿಬಿಡಬಹುದಿತ್ತು. ನಿಲ್ಲಿ, ನನ್ನ ತಮ್ಮ ಗುಂಡುಕಲ್ಲಿನ ಹಾಗಿದ್ದಾನೆ ಎಂದು ಕೂಗಬಹುದಿತ್ತು. ಸರಿ, ಮತ್ತೆ ಯಾಕೆ ಬರಲಿಲ್ಲ ಎಂದು ಕೇಳಿದರೆ? ಪುರುಸೊತ್ತಿಲ್ಲ ಅನ್ನಲಾ? ಅಷ್ಟರಲ್ಲಿ ಅಧ್ಯಕ್ಷರು ನನ್ನ ಬಳಿ ಬಂದು, ನಿನ್ನ ಕೀಯಿಂದಲೇ ಕೊನೆಯ ಕರೆ ಕೊಡಬಹುದೇ ಎಂದು ಮೆಲ್ಲಗೆ ಕೇಳಿದರು. ನಾನು ಪೆಟ್ಟಿಗೆ ಬಿಚ್ಚಿ ಕೊಟ್ಟೆ. ಹೌದು ಕಣೋ, ನನ್ನ ಕೈಯಾರೆ ಎತ್ತಿ ಕೊಟ್ಟೆ. ಅದನ್ನೊಂದು ಸ್ಪೀಕರಿಗೆ ಜೋಡಿಸಿದರು. ಹಿಂದಿನ ಸಾಲಿನಿಂದ ದಪ್ಪನೆಯ ಮನುಷ್ಯರೊಬ್ಬರು ಎದ್ದು ಬಂದರು. ಅಂಗಿಯ ತೋಳಿನ ಮಡಿಕೆಯಲ್ಲಿ ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಅವರನ್ನು ನೀನೂ ನೋಡಿಲ್ಲ, ನಾನೂ ನೋಡಿರಲಿಲ್ಲ, ಆದರೂ ನೋಡಿದ ಕೂಡಲೇ ಗೊತ್ತಾಯಿತು, ನಿನ್ನ ಬೇಕರಿಯವರು. ಬೆಳಗಿನ ಒಲೆ ಕಾಯುವಷ್ಟು ಹೊತ್ತು ಪ್ರತಿದಿನ ನಿನ್ನ ಜೊತೆ ಮೋರ್ಸ್‌ನಲ್ಲಿ ಹರಟುತ್ತಿದ್ದವರು. ಭಾನುವಾರ ಬೇಕರಿ ಬಿಟ್ಟು ಬರಲಾಗದೆ ಇಷ್ಟು ವರ್ಷ ಒಂದು ಸಮ್ಮೇಳನವನ್ನೂ ಕಾಣದವರು, ನಿನ್ನ ಸುದ್ದಿ ತಿಳಿಯಲೆಂದೇ ಅವತ್ತು ಬಂದಿದ್ದರು.

ಅವರು ಕೂತು, ನಿನ್ನ ಕೀ ಒತ್ತಿ, ನಿನ್ನ ಕಾಲ್ ಸೈನನ್ನು ಮೂರು ಸಲ ಕರೆದರು. ಆಮೇಲೆ ಕಾದರು. ಉತ್ತರಕ್ಕೆ ಕಾಯುವುದೂ ಆ ಪದ್ಧತಿಯಲ್ಲೇ ಸೇರಿದೆಯಂತೆ. ಹಾಲಿನಲ್ಲಿ ಫ್ಯಾನುಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಷ್ಟೂ ಹೊತ್ತು ಉತ್ತರ ನನ್ನ ಗಂಟಲಲ್ಲಿತ್ತು, ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ ನಿಂತಿದ್ದೆ. ಅವರು ಕೀ ಮೇಲಿಂದ ಕೈ ತೆಗೆದರು. ಎಲ್ಲರೂ ಕೂತರು. ನಿನ್ನ ಕಥೆ ಮುಗಿಯಿತು.

ಅಲ್ಲಿಗೆ ಬಿಟ್ಟಿದ್ದರೂ ನಾನು ಅರ್ಧ ಪಾಪಿ ಆಗಿರುತ್ತಿದ್ದೆ. ಊಟದ ಹೊತ್ತಿಗೆ ಅವರು ನನ್ನ ಪಕ್ಕ ಬಂದು ಕೂತರು. ನಲವತ್ತು ದಾಟಿದ ನೀನು ಅವರಿಗೆ ಇನ್ನೂ "ಹುಡುಗ". "ಕೊನೇಲಿ ಹುಡುಗ ನೋವು ತಿಂದ್ನಾ ಅಮ್ಮ?" ಎಂದು ಕೇಳಿದರು. ನಾನು ಏನಂದೆ ಗೊತ್ತಾ? "ಇಲ್ಲ, ನಿದ್ದೆಯಲ್ಲೇ" ಅಂದೆ. ಅದು ಎಲ್ಲಿಂದ ಬಂತೋ, ಬಾಯಿಂದ ಜಾರಿಬಿಟ್ಟಿತು. ಸುಮ್ಮನಿದ್ದದ್ದು ನಿನಗೆ ಕೊಟ್ಟ ಮಾತಿಗಾಗಿ ಎಂದು ಹೇಳಿಕೊಳ್ಳಬಹುದು, ಇದನ್ನು ಯಾರ ತಲೆಗೆ ಕಟ್ಟಲಿ? ಅವರು ತಟ್ಟೆ ಕೆಳಗಿಟ್ಟು ಅತ್ತರು. ಗಂಡಸರು ಅಷ್ಟು ಜನರ ಮುಂದೆ ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಅವರ ಜೊತೆ ನಾನೂ ಅತ್ತೆ, ನಾಟಕವಲ್ಲ, ನಿಜವಾಗಿಯೂ ಅತ್ತೆ, ಬದುಕಿರುವ ನಿನಗಾಗಿ.

ಆಮೇಲೆ ಅವರು ಹೇಳಿದ್ದನ್ನು ಕೇಳು. ಕೊನೆಕೊನೆಗೆ ನೀನು ಪ್ರತಿಯೊಂದನ್ನೂ ಮತ್ತೆ ಹೇಳಿ, ಮತ್ತೆ ಹೇಳಿ ಅನ್ನುತ್ತಿದ್ದೆಯಂತೆ. ಅವರು ತಮಾಷೆಗೆ, ನಿದ್ದೆಗಣ್ಣಲ್ಲಿ ಬಂದು ಕೂತ್ಕೊತೀಯ, ಹೋಗಿ ಮಲಕ್ಕೋ ಹೋಗು ಎಂದರಂತೆ. ಮಾರನೆಯ ದಿನದಿಂದ ನೀನಿಲ್ಲ. ಆ ಒಂದು ಮಾತಿಗೆ ನೊಂದುಕೊಂಡು ಬಿಟ್ಟುಹೋದೆ ಎಂದು ಅವರು ತಿಳಿದಿದ್ದರು. ದಿನಾ ಒಲೆ ಹೊತ್ತಿಸಿ, ಸೆಟ್ಟು ಹಾಕಿ, ನಿನ್ನನ್ನು ಕರೆದು, ತಪ್ಪಾಯ್ತು ಹುಡುಗ ಅನ್ನುತ್ತಿದ್ದರಂತೆ. ಬ್ರೆಡ್ಡು ಎಷ್ಟೋ ಸಲ ಸೀದು ಹೋಗಿದೆಯಂತೆ. "ಸಿಟ್ಟಲ್ಲ, ಸತ್ತಿದ್ದಾನೆ ಅಂತ ಗೊತ್ತಾದಾಗ ಮನಸ್ಸು ಒಂದು ಗಳಿಗೆ ಹಗುರಾಯ್ತು ನೋಡಮ್ಮ, ನಾನೆಂಥ ಪಾಪಿ" ಅಂದರು. ಪಾಪಿ ಅವರ ಪಕ್ಕದಲ್ಲೇ ಕೂತು ಅವರು ತಂದುಕೊಟ್ಟ ಬಿಸ್ಕತ್ತು ಕೈಯಲ್ಲಿ ಹಿಡಿದಿದ್ದಳು.

ಈಗ ನನ್ನ ಪಾಡು ಅತ್ತ ದರಿ, ಇತ್ತ ಪುಲಿ. ಸತ್ತಿದ್ದಾನೆ ಅಂದರೆ ಅವರಿಗೆ ದುಃಖ. ಬದುಕಿದ್ದಾನೆ, ಆದರೆ ಪುರುಸೊತ್ತಿಲ್ಲ ಅಂದರೆ ಅದು ಅವರ ಮುಖಕ್ಕೆ ಹೊಡೆದ ಹಾಗೆ. ಇರುವ ನಿಜವೊಂದೇ ಅವರಿಗೆ ಸಮಾಧಾನ ಕೊಡಬಲ್ಲದು, ಅದಕ್ಕೇ ನೀನು ಬೀಗ ಹಾಕಿಸಿದ್ದೀಯ. ಅವರು ಸೆಟ್ಟು ಬೇಡ ಅಂದರು, ಕೀ ಒಂದನ್ನೇ ಕರ್ಚೀಫಿನಲ್ಲಿ ಸುತ್ತಿ ಒಯ್ದರು. ಮಿಕ್ಕಿದ್ದನ್ನು ಹೊತ್ತು ವಾಪಸ್ಸು ತಂದೆ. ನಿನ್ನ ಭಾವ ಕೇಳಿ ಮೊದಲು ನಕ್ಕರು, ಸತ್ತ ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚುತ್ತೆ ಬಿಡು ಎಂದರು. ಬೇಕರಿಯವರ ಮಾತು ಹೇಳಿದ ಮೇಲೆ ನಗು ನಿಲ್ಲಿಸಿ, "ಇದು ಸರಿಯಲ್ಲ ಕಣೇ" ಎಂದಷ್ಟೇ ಹೇಳಿ ಎದ್ದು ಹೋದರು. ಎರಡು ದಿನದಿಂದ ಅಂಗಡಿಯಲ್ಲಿ ನಾನು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ನಿನ್ನೆ ಒಂದು ಅಂಗಿಗೆ ಎರಡೂ ಎಡತೋಳು ಕೂರಿಸಿದ್ದೆ.

ಕಿವಿ ಹೋದದ್ದು ನಾಚಿಕೆಯ ವಿಷಯವಲ್ಲ ಎಂದು ನಿನಗೆ ನೂರು ಸಲ ಹೇಳಿದ್ದೇನೆ, ನೂರೊಂದನೆಯದನ್ನು ಬರೆದು ಕಾಗದ ದಂಡ ಮಾಡುವುದಿಲ್ಲ. ಕೇಳದ ಮೇಲೆ ಆ ಜನರ ನಡುವೆ ನನಗೇನು ಕೆಲಸ ಅನ್ನುತ್ತೀಯ. ನಿನ್ನ ಸಂಕಟ ನನಗೆ ಪೂರ್ತಿ ತಿಳಿಯದು ಎಂದು ಒಪ್ಪುತ್ತೇನೆ. ಆದರೆ ನಿನ್ನ ಗುಟ್ಟು ಕಾಪಾಡಲು ಇನ್ನೊಬ್ಬರನ್ನು ಅಳಿಸುವ ಶಕ್ತಿ ನನಗಿಲ್ಲ ತಮ್ಮಾ. ಅವರೊಬ್ಬರಿಗೆ ನಿಜ ಹೇಳಲು ಒಪ್ಪಿಗೆ ಕೊಡು. ಅವರೊಬ್ಬರಿಗೆ ಮಾತ್ರ. ಬೇಡ ಅಂದರೆ ಕಾರಣ ಬರೆ, ಹೆಬ್ಬೆರಳು ಕಳಿಸಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ರಸ್ತೆ ದಾಟುವಾಗ ಎರಡೂ ಕಡೆ ನೋಡು, ಹಾರನ್ ಹೊಡೆಯುತ್ತಾರೆ ಎಂದು ನಂಬಿಕೊಳ್ಳಬೇಡ. ಭಾವ ನಿನ್ನನ್ನು ಕೇಳಿದ್ದಾರೆ, ಸೊಸೆ ಮುತ್ತು ಕಳಿಸಿದ್ದಾಳೆ. ನೂರು ವರ್ಷ ಚೆನ್ನಾಗಿ ಬಾಳು. ಇದು ಬಾಯಿಮಾತಿನ ಹರಕೆಯಲ್ಲ, ಈ ಸಲ ಬೇಡಿಕೊಂಡು ಬರೆಯುತ್ತಿದ್ದೇನೆ.

ನಿನ್ನನ್ನು ನಿದ್ದೆಯಲ್ಲೇ ಸಾಯಿಸಿದ,
ನಿನ್ನ ಅಕ್ಕ

ವಿ.ಸೂ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಇವತ್ತು ಬುಧವಾರ. ನಿನ್ನ ಒಪ್ಪಿಗೆ ಬರುವವರೆಗೆ ಕಾಯಲು ಆಗಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯದೆ, ಅವರು ಕೊಟ್ಟಿದ್ದ ಬಿಸ್ಕತ್ತಿನ ಪೊಟ್ಟಣದ ಮೇಲಿನ ವಿಳಾಸ ಹಿಡಿದು ಸೀದಾ ಬೇಕರಿಗೆ ಹೋಗಿ ಎಲ್ಲ ಹೇಳಿಬಿಟ್ಟೆ, ಕಿವಿಯ ವಿಷಯವನ್ನೂ. ಮಾತು ಮುರಿದವಳು ನಾನು, ಬೈಯುವುದಿದ್ದರೆ ನನ್ನನ್ನು ಬೈ. ಅವರು ಒಂದು ಮಾತೂ ಬೈಯಲಿಲ್ಲ. ಹಿಟ್ಟಿನ ಕೈ ಒರೆಸಿಕೊಂಡು, ನನ್ನ ಅಂಗೈ ಹಿಡಿದು, ಅದರ ಮೇಲೆ ಬೆರಳಿನಿಂದ ಕುಟ್ಟಿದರು, ಒಮ್ಮೆ ಚುಟುಕಾಗಿ, ಒಮ್ಮೆ ಒತ್ತಿ ಹಿಡಿದು. ಕಣ್ಣು ಮುಚ್ಚಿದ್ದರೂ ನನಗೆ ಒಂದಕ್ಷರ ತಪ್ಪಲಿಲ್ಲ, ನಿನ್ನ ಕಾಲ್ ಸೈನ್. "ಇದಕ್ಕೆ ಕಿವಿ ಯಾಕಮ್ಮ ಬೇಕು?" ಅಂದರು. ಈ ಪತ್ರವನ್ನು ನಾನು ಅಂಚೆಗೆ ಹಾಕುತ್ತಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸಲಿ ಎಂದು ಎದುರಿಗೇ ನಿಂತಿದ್ದಾರಲ್ಲ, ಆ ದಪ್ಪ ಮನುಷ್ಯ ಅವರೇ. ಅವರಿಗೆ ನಿನ್ನ ಅಂಗೈ ಕೊಡು.